ಚಕ್ರಗಳ ಮಧ್ಯೆ ಆ ಮರದ ಪಟ್ಟಿ ಯಾಕೆ?

ಪ್ರಶ್ನೆ: ಮೊದಲ ಮಹಾಯುದ್ಧದ ಕಾಲದ ಆವ್ರೊ 504 ವಿಮಾನದ ಫೋಟೊ ನೋಡಿದೆ. ಒಂದರ ಮೇಲೊಂದು ರೆಕ್ಕೆ, ಹಿಂದೆಮುಂದೆ ಎರಡು ಸೀಟು. ಚಕ್ರಗಳ ಮಧ್ಯೆ ಮುಂದಕ್ಕೆ ಚಾಚಿಕೊಂಡ ಒಂದು ಮರದ ಪಟ್ಟಿ. ಅದು ಯಾಕೆ? ಪೈಲಟ್‌ಗಳ ತರಬೇತಿಗೆ ಇದನ್ನೇ ಬಳಸಿದ್ದು ಯಾಕೆ? – ಓದುಗರು, ಹಾಸನ

ಉತ್ತರ: ಇಳಿಯುವಾಗ ವಿಮಾನ ಮುಂದಕ್ಕೆ ಮುಗ್ಗರಿಸಿದರೆ ಮೊದಲು ಪ್ರೊಪೆಲರ್ ಚೂರಾಗುತ್ತದೆ, ಅಲ್ವಾ? ಹಾಗಾಗದಂತೆ ಆ ಪಟ್ಟಿ ನೆಲಕ್ಕೆ ತಾಗಿ ತಡೆಯುತ್ತಿತ್ತು. ಹೊಸಬರ ಕೈಯಲ್ಲಿ ಇಂಥ ಮುಗ್ಗರಿಕೆ ಜಾಸ್ತಿ.

ಆದರೆ ಈ ವಿಮಾನ ಹುಟ್ಟಿದ್ದು ಪಾಠಕ್ಕಾಗಿ ಅಲ್ಲ. ಇಂಗ್ಲೆಂಡಿನ ಆಲಿಯಟ್ ವರ್ಡನ್ ರೋ ಅವರ ಕಂಪನಿ ಕಟ್ಟಿದ ಇದು ಮೊದಲು ಹಾರಿದ್ದು 1913ರ ಸೆಪ್ಟೆಂಬರ್‌ನಲ್ಲಿ. ಮರದ ಚೌಕಟ್ಟು, ಮೇಲೆ ಬಟ್ಟೆ. 1914ರ ನವೆಂಬರ್ 21ರಂದು ಇಂಥ ಮೂರು ವಿಮಾನಗಳು ಫ್ರಾನ್ಸಿನ ಬೆಲ್‌ಫೋರ್‌ನಿಂದ ಹೊರಟು, ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನಲ್ಲಿದ್ದ ಜೆಪ್ಪೆಲಿನ್ (ಅನಿಲ ತುಂಬಿದ ಭಾರಿ ವಾಯುನೌಕೆ) ಶೆಡ್ಡುಗಳ ಮೇಲೆ ಬಾಂಬು ಹಾಕಿ ಬಂದವು. ಒಂದು ಮಾತ್ರ ವಾಪಸಾಗಲಿಲ್ಲ. ಆಮೇಲೆ ಇನ್ನೂ ಚುರುಕಾದ ವಿಮಾನಗಳು ಬಂದವು, ಇದು ತರಬೇತಿ ಶಾಲೆಗಳಿಗೆ ಹೋಯಿತು.

ನನಗೆ ಇದರ ಕಥೆ ಇಷ್ಟವಾಗುವುದು ಇಲ್ಲಿಂದ ಮುಂದೆ. ಆಗ ಕಲಿಯುವಾಗಲೇ ಎಷ್ಟೋ ಹುಡುಗರು ಸಾಯುತ್ತಿದ್ದರು. ಎಂಜಿನ್ ಸದ್ದಿನಲ್ಲಿ ಗುರು ಕೂಗಿದ್ದು ಶಿಷ್ಯನಿಗೆ ಕೇಳುತ್ತಿರಲಿಲ್ಲ. 1917ರಲ್ಲಿ ಇಂಗ್ಲೆಂಡಿನ ಗಾಸ್‌ಪೋರ್ಟ್‌ನ ತರಬೇತಿ ಶಾಲೆಯಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಇದನ್ನೆಲ್ಲ ಬದಲಿಸಿದರು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಒಂದು ಕೊಳವೆ ಹಾಕಿಸಿದರು, ಅಷ್ಟೇ, ಮಾತು ಕೇಳತೊಡಗಿತು. ಶಿಷ್ಯನನ್ನು ಮೊದಲಿಂದಲೇ ಪೈಲಟ್ ಸೀಟಿನಲ್ಲಿ ಕೂರಿಸಿದರು. ಅಪಾಯದಿಂದ ದೂರ ಇಡುವ ಬದಲು, ವಿಮಾನ ಗಿರಗಿರನೆ ಸುತ್ತುತ್ತಾ ಬೀಳುವಂತೆ ಬೇಕೆಂದೇ ಮಾಡಿಸಿ, ಅದರಿಂದ ಹೊರಬರುವುದನ್ನು ಅವನ ಕೈಯಿಂದಲೇ ಮಾಡಿಸುವುದು ಅವರ ಪದ್ಧತಿ. ಇದಕ್ಕೆ ಆವ್ರೊ ಹೇಳಿ ಮಾಡಿಸಿದ ಹಾಗಿತ್ತು. ಕೈ ತಪ್ಪಿದರೆ ತಕ್ಷಣ ತೋರಿಸುತ್ತಿತ್ತು, ಸರಿ ಮಾಡಿದರೆ ತಕ್ಷಣ ಸರಿಹೋಗುತ್ತಿತ್ತು.

ಎಂಜಿನ್ ಬಗ್ಗೆಯೂ ಹೇಳಲೇಬೇಕು. ಪ್ರೊಪೆಲರ್ ಜೊತೆ ಇಡೀ ಎಂಜಿನ್ನೇ ತಿರುಗುತ್ತಿತ್ತು! ಒಳಗಿನ ಭಾಗಗಳು ಸವೆಯದಂತೆ ಅದಕ್ಕೆ ಹಾಕುತ್ತಿದ್ದದ್ದು ನಮ್ಮ ಹರಳೆಣ್ಣೆ, ಯಾಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಬೆರೆಯುವುದಿಲ್ಲ. ಒಮ್ಮೆ ಒಳಗೆ ಹೋದ ಎಣ್ಣೆ ತಿರುಗಿ ಟ್ಯಾಂಕಿಗೆ ಬರುತ್ತಿರಲಿಲ್ಲ, ಹೊಗೆಯ ಜೊತೆ ಹೊರಕ್ಕೆ ಚಿಮ್ಮುತ್ತಿತ್ತು. ಪಾಠ ಮುಗಿಸಿ ಇಳಿದ ಹುಡುಗರ ಕೋಟು, ಕನ್ನಡಕ ಎಲ್ಲ ಹರಳೆಣ್ಣೆ ವಾಸನೆ.