ಪಂಪ್ಕಿನ್ ಜ್ಯಾಕ್ ರಿವ್ಯೂ ಕಳ್ಸಿದ ಕುಮಟಾದ ತಮ್ಮನಿಗೆ

ತಮ್ಮಾ,

ಪಂಪ್ಕಿನ್ ಜ್ಯಾಕ್ ಅನ್ನೋ ವಿಡಿಯೋ ಗೇಮ್ ಬಗ್ಗೆ ನೀನು ಬರ್ದ ಬರಹ ಓದಿದೆ. "ಅಕ್ಕಾ, ಸುಮ್ನೆ ಚೆನ್ನಾಗಿದೆ ಅಂತ ಹೇಳಿ ಕಳಿಸ್ಬೇಡಿ, ಇದ್ದಿದ್ದು ಇದ್ದ ಹಾಗೆ ಹೇಳಿ" ಅಂತ ನೀನೇ ಮೇಲ್‌ನಲ್ಲಿ ಬರ್ದಿದ್ದೀಯಲ್ಲ, ಅದಕ್ಕೆ ನೇರವಾಗಿ ಹೇಳ್ತೇನೆ. ಈಗಿರೋ ರೂಪದಲ್ಲಿ ಇದನ್ನ ನಮ್ಮ ಪತ್ರಿಕೆಯ ದೀಪಾವಳಿ ಸಂಚಿಕೆಗೆ ತಗೊಳ್ಳೋಕೆ ಆಗೋದಿಲ್ಲ. ಆದ್ರೆ ಬದಿಗಿಟ್ಟು ಮರೆಯೋ ಬರಹನೂ ಅಲ್ಲ ಇದು, ಒಳಗೆ ಒಂದು ಒಳ್ಳೆ ವಿಷಯ ಸಿಕ್ಕಿಹಾಕ್ಕೊಂಡಿದೆ, ಅದು ನಿನ್ನ ಕಣ್ಣಿಗೆ ಬಿದ್ದ ಹಾಗೆ ಕಾಣ್ತಿಲ್ಲ, ಹಾಗಾಗಿ ಇಷ್ಟುದ್ದ ಬರೀತಾ ಇದ್ದೇನೆ.

ಮೊದ್ಲು ಆ ಶುರುವಿನ ಪ್ಯಾರಾ. ಹ್ಯಾಲೋವೀನ್ ಅಂದ್ರೆ ಎಂತ, ಅಕ್ಟೋಬರ್ 31ಕ್ಕೆ ಬರ್ತದೆ, ಮಕ್ಕಳು ವೇಷ ಹಾಕ್ತಾರೆ, ಮನೆಮನೆಗೆ ಹೋಗಿ ಚಾಕ್ಲೇಟ್ ಕೇಳ್ತಾರೆ, ಇದೆಲ್ಲ ಅರ್ಧ ಪುಟ. ಇದು ಯಾರಿಗೆ ಗೊತ್ತಿಲ್ಲ ಹೇಳು, ನಮ್ಮ ಶಿರಸಿ ಪೇಟೆ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ಜ್ಯಾಕ್ ಯಾರು ಅನ್ನೋದು, ಅದನ್ನ ನೀನು ಒಂದೇ ಸಾಲಲ್ಲಿ ಹಾರಿಸಿಬಿಟ್ಟಿದ್ದೀಯ. ಐರ್ಲೆಂಡಿನ ಜನರ ಹಳೇ ಕಥೆ ಅದು, ಜ್ಯಾಕ್ ಅಂತ ಒಬ್ಬ ಜಿಪುಣ ಸೈತಾನನಿಗೇ ಟೋಪಿ ಹಾಕ್ತಾನೆ, ಸತ್ತ ಮೇಲೆ ಅತ್ಲಾಗಿ ಸ್ವರ್ಗದಲ್ಲೂ ಸೇರಿಸ್ಕೊಳ್ಳೋದಿಲ್ಲ ಇತ್ಲಾಗಿ ನರಕದಲ್ಲೂ ಜಾಗ ಇಲ್ಲ, ಟರ್ನಿಪ್ ಗಡ್ಡೆ ಕೊರೆದು ಒಳಗೆ ಕೆಂಡ ಇಟ್ಕೊಂಡು ಕತ್ತಲಲ್ಲಿ ಅಲೀತಾ ಇರ್ತಾನೆ. ಅಲ್ಲಿಯವರು ಅಮೆರಿಕಕ್ಕೆ ಹೋದ್ಮೇಲೆ ಗಡ್ಡೆ ಹೋಗಿ ಸಿಹಿಗುಂಬಳ ಬಂತು. ಈ ಕಥೆ ಬರೀ ಮಾಹಿತಿ ಅಲ್ಲ ತಮ್ಮಾ, ಆಟ ನಿಂತಿರೋದೇ ಇದರ ಮೇಲೆ. ಎಲ್ಲೂ ಸಲ್ಲದ ಒಬ್ಬನ್ನ ಸೈತಾನ ಕೆಲಸಕ್ಕೆ ಇಟ್ಕೊಳ್ತಾನೆ. ಲೋಕ ಶಾಂತವಾಗಿರೋದು ನೋಡಿ ಸೈತಾನನಿಗೆ ಬೇಜಾರು, ಮುಗಿಯದ ರಾತ್ರಿಯ ಶಾಪ ಹಾಕ್ತಾನೆ, ಜನ ಒಬ್ಬ ಮಂತ್ರವಾದಿಯ ಮೊರೆ ಹೋಗ್ತಾರೆ, ಆ ಮಂತ್ರವಾದಿಯನ್ನ ಮುಗಿಸೋಕೆ ಹೋಗೋನೇ ಜ್ಯಾಕ್. ಅಂದ್ರೆ ನಾವು ಆಡ್ತಿರೋದು ಊರು ಕಾಪಾಡೋನಾಗಿ ಅಲ್ಲ, ಊರು ಹಾಳು ಮಾಡೋನಾಗಿ. ಇದು ನಿನ್ನ ಬರಹದಲ್ಲಿ ಎಲ್ಲೂ ಇಲ್ಲ! ಆಟದ ಅರ್ಧ ಮಜಾ ಅಲ್ಲೇ ಇರೋದು.

ಅದೇ ಜಾಗದಲ್ಲಿ ನೀನು "ಹ್ಯಾಲೋವೀನ್ ಅಂದ್ರೆ ವಿದೇಶದವರ ಬೇಡರ ವೇಷ" ಅಂತ ಬರ್ದಿದ್ದೀಯ. ಅದನ್ನ ತೆಗಿ. ವೇಷ ಇದೆ, ರಾತ್ರಿ ಇದೆ ಅನ್ನೋದು ಬಿಟ್ರೆ ಎರಡಕ್ಕೂ ಸಂಬಂಧ ಇಲ್ಲ. ನಮ್ಮ ಶಿರಸಿ ಬೇಡರ ವೇಷ ಹೋಳಿ ಹೊತ್ತಿಗೆ, ಅದೂ ಎರಡು ವರ್ಷಕ್ಕೊಮ್ಮೆ, ತಮಟೆ ಹೊಡೆತಕ್ಕೆ ನಡುರಾತ್ರಿ ಬೀದೀಲಿ ಕುಣಿಯೋದು, ದೆವ್ವದ ವಿಷಯ ಅಲ್ವೇ ಅಲ್ಲ. ಹೋಲಿಕೆ ಬೇಕೇ ಬೇಕು ಅಂತಾದ್ರೆ ನೀನು ನೋಡ್ಬೇಕಾಗಿದ್ದು ಹಗ್ಗ. ಬೇಡ ಎಷ್ಟು ಅಬ್ಬರಿಸಿದ್ರೂ ಹಿಂದೆ ಹಗ್ಗ ಹಿಡಿದು ಎಳೆಯೋರು ಇರ್ತಾರೆ, ಆ ಎಳೆತದಲ್ಲೇ ಕುಣಿತಕ್ಕೆ ಕಳೆ. ಜ್ಯಾಕ್‌ಗೆ ಆ ಹಗ್ಗ ಇಲ್ಲ, ಅವನ ಪುಂಡಾಟವನ್ನ ಹಿಡಿದು ಹಿಂದಕ್ಕೆ ಎಳೆಯೋದು ಆಟದಲ್ಲಿ ಎಂತದೂ ಇಲ್ಲ, ತಪ್ಪು ಮಾಡ್ತಿದ್ದೇನೆ ಅಂತ ಆಡೋನಿಗೆ ಒಂದು ಸಲವೂ ಅನ್ಸೋದಿಲ್ಲ, ತಮಾಷೆಯಲ್ಲೇ ಮುಗ್ದು ಹೋಗ್ತದೆ. ಹೀಗೆ ಬರ್ದಿದ್ರೆ ಆ ಹೋಲಿಕೆ ಆಟದ ಒಂದು ಕೊರತೆ ತೋರಿಸ್ತಿತ್ತು. ಈಗ ಬರೀ ನಮ್ಮೂರ ಹೆಸರು ಬಂತು ಅನ್ನೋ ಖುಷಿಗೆ ಕೂತಿದೆ.

ಇನ್ನು ಮುಖ್ಯ ವಿಷಯ. ನೀನು ಬರಹನ ಎರಡು ಕಪಾಟು ಮಾಡಿದ್ದೀಯ, ಒಂದ್ರಲ್ಲಿ ಪ್ಲಸ್ ಪಾಯಿಂಟು, ಇನ್ನೊಂದ್ರಲ್ಲಿ ಮೈನಸ್ ಪಾಯಿಂಟು, ಕೊನೆಗೆ ಐದಕ್ಕೆ ನಾಲ್ಕು ಸ್ಟಾರ್. ಪ್ಲಸ್‌ನಲ್ಲಿ "ಆಟದಲ್ಲಿ ತುಂಬಾ ವೆರೈಟಿ ಇದೆ, ಬೋರ್ ಆಗೋದೇ ಇಲ್ಲ". ಮೈನಸ್‌ನಲ್ಲಿ "ಫೈಟಿಂಗ್ ಸ್ವಲ್ಪ ರಿಪೀಟ್ ಅನ್ಸುತ್ತೆ, ಆಟ ಬೇಗ ಮುಗಿಯುತ್ತೆ". ಇವೆರಡೂ ಬೇರೆ ಬೇರೆ ಮಾತಲ್ಲ, ಒಂದೇ ಮಾತು. ಎಂತಕ್ಕೆ ಅಂದ್ರೆ ಈ ಆಟ ಎಂತದ್ರ ಮೇಲೂ ಬಹಳ ಹೊತ್ತು ನಿಲ್ಲೋದಿಲ್ಲ, ಸ್ವಲ್ಪ ಹಾರು, ಸ್ವಲ್ಪ ಹೊಡಿ, ಅಷ್ಟರಲ್ಲಿ ಗಣಿ ಟ್ರಾಲಿ ಹತ್ತಿ ಹಳಿ ಮೇಲೆ ಓಡು, ಆಮೇಲೆ ಕುದುರೆ, ಆಮೇಲೆ ಜ್ಯಾಕ್‌ನ ಕುಂಬಳಕಾಯಿ ತಲೆ ಕಳಚಿ ಪಝಲ್. ಒಂದು ಸಾಕು ಅನ್ಸೋ ಮೊದ್ಲೇ ಇನ್ನೊಂದು ಬರ್ತದೆ, ಅದಕ್ಕೇ ಬೋರ್ ಆಗೋದಿಲ್ಲ. ಅದಕ್ಕೇ ಯಾವ್ದೂ ಬೆಳೆಯೋದೂ ಇಲ್ಲ. ಮೊದ್ಲ ಲೆವೆಲ್‌ನಲ್ಲಿ ಕಲ್ತ ಜಿಗಿತವೇ ಕೊನೇ ಲೆವೆಲ್‌ನಲ್ಲೂ ಸಾಕಾಗ್ತದೆ, ಸಲಿಕೆ ಬೀಸಿದ ಹಾಗೇ ಮುಂದೆ ಸಿಗೋ ಬಹಳಷ್ಟು ಆಯುಧನೂ ಬೀಸೋದು, ರೂಪ ಬದ್ಲಾದ್ರೂ ಕೈಗೆ ಕೆಲಸ ಅದೇ. ನಿನ್ನನ್ನ ಆಟಕ್ಕೆ ಕಟ್ಟಿಹಾಕಿದ್ದು ಯಾವ್ದೋ, ಆಮೇಲೆ ಸಪ್ಪೆ ಅನ್ಸಿದ್ದೂ ಅದ್ರಿಂದಲೇ. ಇದೇ ನಿನ್ನ ಲೇಖನ ಕಣೋ. ಆ ಎರಡು ಕಪಾಟು ಒಡೆದು ಇದನ್ನ ನಡುವಿಗೆ ತಂದು ಕೂರಿಸು.

ಈ ಮಾತು ಓದೋರಿಗೆ ನಂಬಿಕೆ ಆಗ್ಬೇಕು ಅಂದ್ರೆ ಒಂದು ಜಿಗಿತನಾದ್ರೂ ಹತ್ತಿರದಿಂದ ತೋರಿಸ್ಬೇಕು. ಇಡೀ ಬರಹದಲ್ಲಿ "ಸೂಪರ್ ಗ್ರಾಫಿಕ್ಸ್", "ಸ್ಮೂತ್ ಗೇಮ್‌ಪ್ಲೇ", "ಭಯಾನಕ ವಾತಾವರಣ" ಇವೇ ತುಂಬ್ಕೊಂಡಿವೆ, ಒಂದೇ ಒಂದು ಸಲ ಬಟನ್ ಒತ್ತಿದ ಬೆರಳು ಕಾಣ್ಲಿಲ್ಲ. ಇದು ಪ್ಲಾಟ್‌ಫಾರ್ಮ್ ಆಟ, ಅಂದ್ರೆ ಒಂದು ಹಲಗೆಯಿಂದ ಇನ್ನೊಂದಕ್ಕೆ ಜಿಗೀತಾ ಹೋಗೋ ಆಟ, ಹಾರೋದೇ ಇದ್ರ ಉಸಿರು. ಹಲಗೆ ತುದಿಗೆ ಓಡಿ ಬಂದು ಒತ್ತಿದೆ, ಗಾಳಿಯಲ್ಲಿ ಇನ್ನೊಂದ್ಸಲ ಒತ್ತಿದೆ, ಆಗ ಜ್ಯಾಕ್ ಎಂತ ಮಾಡ್ತಾನೆ? ನೀನು ತುದಿ ದಾಟಿ ಕಣ್ಣು ಮಿಟುಕಿಸೋಷ್ಟು ತಡ ಮಾಡಿ ಒತ್ತಿದ್ರೂ ಆಟ ಕ್ಷಮಿಸ್ತದಾ? ಇದನ್ನ ಬಹಳಷ್ಟು ಆಟದವರು ಬೇಕಂತಲೇ ಇಡ್ತಾರೆ, ಕಾಲು ನೆಲ ಬಿಟ್ಮೇಲೂ ಒಂಚೂರು ಹೊತ್ತು ಹಾರೋಕೆ ಬಿಡ್ತಾರೆ, ಇಲ್ದೇ ಹೋದ್ರೆ ನಾನು ಸರಿಯಾಗೇ ಒತ್ತಿದ್ದೆ ಆಟವೇ ಮೋಸ ಮಾಡ್ತು ಅಂತ ಸಿಟ್ಟು ಬರ್ತದೆ. ಇನ್ನೊಂದು, ಇದು ತ್ರೀಡಿ ಆಟ, ಕಾಲು ಎಲ್ಲಿ ಬೀಳ್ತದೆ ಅಂತ ಅಂದಾಜು ಮಾಡೋಕೆ ಕೆಳಗೆ ಬೀಳೋ ನೆರಳೇ ಗತಿ. ಇಡೀ ಆಟ ರಾತ್ರಿಯಲ್ಲಿ ನಡೀತದಲ್ಲ, ಆ ನೆರಳು ನಿಂಗೆ ಕಾಣ್ತಿತ್ತಾ? ಬಿದ್ದಾಗೆಲ್ಲ ತಪ್ಪು ನಿಂದು ಅನ್ಸಿತಾ ಕ್ಯಾಮರಾದ್ದು ಅನ್ಸಿತಾ? ಇದಕ್ಕೆ ಉತ್ತರ ಆಡಿದ ನಿನ್ನತ್ರ ಮಾತ್ರ ಇರೋದು, ಟ್ರೇಲರ್ ನೋಡಿದೋರತ್ರ ಇರೋದಿಲ್ಲ.

ಹಳೇ ಆಟಗಳ ಪಕ್ಕ ಇಟ್ಟು ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗ್ತದೆ. 1985ರಲ್ಲಿ ಕ್ಯಾಪ್‌ಕಾಮ್‌ನವರ ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಬಂತು, ಸ್ಮಶಾನ, ನೆಲದಿಂದ ಏಳೋ ಹೆಣಗಳು, ಕವಚ ತೊಟ್ಟ ಆರ್ಥರ್. ಒಂದು ಏಟು ಬಿದ್ರೆ ಕವಚ ಕಳಚಿ ಚಡ್ಡಿಯಲ್ಲಿ ನಿಲ್ತಾನೆ, ಇನ್ನೊಂದು ಬಿದ್ರೆ ಮೂಳೆ. ಅದ್ರಲ್ಲಿ ಒಮ್ಮೆ ಹಾರಿದ್ರೆ ಮುಗೀತು, ಗಾಳಿಯಲ್ಲಿ ದಿಕ್ಕು ಬದಲಿಸೋಕೆ ಬರೋದಿಲ್ಲ, ಹಾರೋ ಮೊದ್ಲೇ ಎಲ್ಲಿ ಬೀಳ್ತೇನೆ ಅಂತ ನಿರ್ಧಾರ ಮಾಡಿರ್ಬೇಕು. ಮರುವರ್ಷದ ಕ್ಯಾಸಲ್‌ವೇನಿಯಾದಲ್ಲೂ ಹಾಗೇ. ಆ ಆಟಗಳಲ್ಲಿ ಹೆದ್ರಿಕೆ ಬರೋದು ದೆವ್ವದ ಚಿತ್ರದಿಂದ ಅಲ್ಲ, ಆ ಜಿಗಿತದಿಂದ. ಪಂಪ್ಕಿನ್ ಜ್ಯಾಕ್‌ನಲ್ಲಿ ಗಾಳಿಯಲ್ಲೇ ಮತ್ತೊಂದು ಜಿಗಿತ ಇದೆ, ಪಕ್ಕಕ್ಕೆ ಉರುಳಿ ತಪ್ಪಿಸ್ಕೊಳ್ಳೋದಿದೆ, ತಪ್ಪಿದ್ರೂ ಸರಿ ಮಾಡ್ಕೋಬಹುದು. ಹಾಗಾಗಿ ನೀನು "ಭಯಾನಕ ವಾತಾವರಣ" ಅಂತ ಬರ್ದಿದ್ದು ಸರಿಯಲ್ಲ. ಈ ಆಟಕ್ಕೆ ಹೆದರಿಸೋ ಉದ್ದೇಶವೇ ಇಲ್ಲ, ಕಿತ್ತಳೆ, ನೇರಳೆ, ಹಸಿರು ಬೆಳಕಲ್ಲಿ ಹಬ್ಬದ ರಾತ್ರಿ ಸುತ್ತಾಡಿಸೋದು ಅದರ ಉದ್ದೇಶ, ಅದನ್ನ ಮಾತ್ರ ಬಹಳ ಚಂದ ಮಾಡ್ತದೆ.

ಫೈಟಿಂಗ್ ಯಾಕೆ ಬೇಜಾರು ಅನ್ನೋದಕ್ಕೂ ನೀನು ಕಾರಣ ಕೊಟ್ಟಿಲ್ಲ. 1998ರ ಮೆಡಿಈವಿಲ್ ಅನ್ನೋ ಆಟ ಆಡಿದ್ದೀಯ ಅಂತ ಬರ್ದಿದ್ದೀಯ, ಅದನ್ನೇ 2019ರಲ್ಲಿ ಹೊಸದಾಗಿ ಮಾಡಿ ಬಿಟ್ಟಿದ್ದು. ಎಲ್ಲರೂ ಪಂಪ್ಕಿನ್ ಜ್ಯಾಕ್‌ನ ಅದಕ್ಕೇ ಹೋಲಿಸ್ತಾರೆ, ನೀನೂ "ಅದೇ ತರ ಇದೆ" ಅಂದು ಮುಂದೆ ಹೋಗಿದ್ದೀಯ. ಸ್ವಲ್ಪ ನಿಲ್ಲು ಅಲ್ಲಿ. ಮೆಡಿಈವಿಲ್‌ನಲ್ಲಿ ಶತ್ರುಗಳನ್ನ ಕೊಂದಷ್ಟೂ ಒಂದು ಬಟ್ಟಲು ತುಂಬ್ತಾ ಹೋಗ್ತದೆ, ತುಂಬಿದ ಬಟ್ಟಲು ತಗೊಂಡು ಲೆವೆಲ್ ಮುಗಿಸಿದ್ರೆ ವೀರರ ಸಭೆಗೆ ಪ್ರವೇಶ, ಅಲ್ಲಿ ಹಳೇ ವೀರರು ಆಯುಧನೋ ಇನ್ನೆಂತದೋ ಕೊಡ್ತಾರೆ. ಅಂದ್ರೆ ಹೊಡೆದಾಟಕ್ಕೆ ಒಂದು ಅರ್ಥ ಇತ್ತು, ಬಿಟ್ಟು ಓಡ್ಲಾ ಹೊಡೀಲಾ ಅಂತ ಯೋಚ್ನೆ ಬರ್ತಿತ್ತು. ಪಂಪ್ಕಿನ್ ಜ್ಯಾಕ್‌ನಲ್ಲಿ ಮೂಲೆಮೂಲೆ ಹುಡುಕಿ ಕೂಡಿಸೋ ಕಾಗೆ ತಲೆಬುರುಡೆ ಕೊಟ್ರೆ ಜ್ಯಾಕ್‌ಗೆ ಹೊಸ ವೇಷ ಸಿಗ್ತದೆ, ಸರಿ, ಆದ್ರೆ ವೇಷ ಬದ್ಲಾದ್ರೆ ಆಟ ಬದ್ಲಾಗೋದಿಲ್ಲ. ಹುಡುಕಾಟಕ್ಕೆ ಬಹುಮಾನ ಇದೆ, ಹೊಡೆದಾಟಕ್ಕೆ ಇಲ್ಲ. "ರಿಪೀಟ್ ಅನ್ಸುತ್ತೆ" ಅನ್ನೋ ನಿನ್ನ ಒಂದು ಸಾಲಿನ ಹಿಂದೆ ಇಷ್ಟು ಇದೆ.

ಒಬ್ಬನೇ ಮಾಡಿದ ಆಟ ಅನ್ನೋದನ್ನೂ ನೀನು ಬಳಸಿರೋ ರೀತಿ ನನಗೆ ಒಪ್ಪಿಗೆ ಆಗ್ಲಿಲ್ಲ. ಫ್ರಾನ್ಸಿನ ನಿಕೋಲಾ ಮೆಸೋನಿಯೆ ಬಹುಪಾಲು ಒಬ್ಬನೇ ಕೂತು ಕಟ್ಟಿ 2020ರ ಅಕ್ಟೋಬರ್ 23ಕ್ಕೆ ಹ್ಯಾಲೋವೀನ್ ಹೊತ್ತಿಗೆ ಸರಿಯಾಗಿ ಬಿಡುಗಡೆ ಆಗಿದ್ದು, ನಿಜಕ್ಕೂ ದೊಡ್ಡ ವಿಷಯ, ಮನಸಾರೆ ಮೆಚ್ಚು. ಆದ್ರೆ "ಒಬ್ಬನೇ ಮಾಡಿದ್ದು, ಹಾಗಾಗಿ ತಪ್ಪುಗಳನ್ನ ಮನ್ನಿಸಬಹುದು" ಅಂತ ಬರೀಬೇಡ. ದುಡ್ಡು ಕೊಟ್ಟು ಆಡೋನಿಗೆ ಅದು ಉತ್ತರ ಅಲ್ಲ, ಮಾಡಿದೋನಿಗೆ ಅದು ಗೌರವವೂ ಅಲ್ಲ. ಅವನು ಕೈಯಲ್ಲಿದ್ದ ಹೊತ್ತನ್ನ ಎಲ್ಲಿ ಸುರಿದ, ಎಲ್ಲಿ ಬಿಟ್ಟ ಅಂತ ನೋಡು. ಬೆಳಕಿಗೆ ಸುರಿದಿದ್ದಾನೆ, ಬಣ್ಣಕ್ಕೆ, ಹೊಸ ಹೊಸ ಆಟದ ತುಣುಕುಗಳಿಗೆ ಸುರಿದಿದ್ದಾನೆ. ಹೊಡೆದಾಟಕ್ಕೆ ಅಷ್ಟು ಸಿಗ್ಲಿಲ್ಲ. ಹಾಗೆ ಬರ್ದ್ರೆ ಅವನ ಕೆಲಸವನ್ನ ಕೆಲಸ ಅಂತ ನೋಡಿದ ಹಾಗಾಗ್ತದೆ.

ಈಗ ಚೆನ್ನಾಗಿರೋ ಜಾಗ. ಮೂರನೇ ಪುಟದಲ್ಲಿ, ಜ್ಯಾಕ್‌ನ ಕುಂಬಳಕಾಯಿ ತಲೆ ಮೈಯಿಂದ ಕಳಚಿ, ಬೇರುಗಳನ್ನೇ ಕಾಲು ಮಾಡ್ಕೊಂಡು ಸಂದಿಯೊಳಗೆ ಹರಿದು ಹೋಗೋದು. "ಅಷ್ಟೊತ್ತೂ ಧಿಮಾಕಲ್ಲಿ ನಡೀತಿದ್ದವ ಒಮ್ಮೆಲೇ ಏಡಿ ತರ ಪರಪರ ಓಡ್ತಾನೆ, ನಂಗೆ ನಗು ತಡೀಲಿಕ್ಕಾಗ್ಲಿಲ್ಲ, ಅಮ್ಮ ಒಳಗಿಂದ ಎಂತದಾ ಅಂತ ಕೇಳ್ದ್ಲು" ಅಂತ ಬರ್ದಿದ್ದೀಯ. ಇದನ್ನ ಮುಟ್ಟಬೇಡ. ಒಂದಕ್ಷರ ಬದಲಿಸ್ಬೇಡ. ಏಡಿ ಓಡೋದನ್ನ ದಿನಾ ನೋಡಿದ ಕುಮಟಾದ ಹುಡುಗ ಬರ್ದ ಸಾಲು ಅದು, ಆಟ ಆಡದೇ ಇರೋ ನಮ್ಮ ಓದುಗರಿಗೂ ಕಣ್ಣಿಗೆ ಕಟ್ತದೆ. ಅಲ್ಲಿಂದಲೇ ಲೇಖನ ಶುರು ಮಾಡು ಅಂತ ನನ್ನ ಸಲಹೆ, ಆಮೇಲೆ ಆ ಕಥೆಯ ಜ್ಯಾಕ್ ಬರ್ಲಿ, ಆಮೇಲೆ ಒಂದರಿಂದ ಒಂದಕ್ಕೆ ಹಾರೋ ಆಟದ ಗುಣ, ಅದೇ ಗುಣ ದೋಷ ಆಗೋದು. ಜ್ಯಾಕ್ ಜೊತೆಗೆ ಬರೋ ಗೂಬೆ, ಕಾಗೆ ಬಗ್ಗೆ ಎರಡು ಸಾಲು ಸಾಕು. ಬಾಸ್ ಫೈಟ್, ಅಂದ್ರೆ ದೊಡ್ಡ ಶತ್ರುಗಳ ಜೊತೆಗಿನ ಹೊಡೆದಾಟ, ಒಂದೊಂದನ್ನೇ ವಿವರಿಸಿ ಎರಡು ಪುಟ ತುಂಬಿದ್ದೀಯಲ್ಲ, ಅದ್ರಲ್ಲಿ ಒಂದು ಇಟ್ಕೊ, ಉಳಿದಿದ್ದು ಆಡೋರು ತಾವೇ ನೋಡ್ಲಿ.

ಸ್ಟಾರ್ ಕೊಡೋದು ಬೇಡ. ನಮ್ಮಲ್ಲಿ ಪುಸ್ತಕಕ್ಕೂ ಕೊಡೋದಿಲ್ಲ ಯಕ್ಷಗಾನಕ್ಕೂ ಕೊಡೋದಿಲ್ಲ, ಆಟಕ್ಕೂ ಬೇಡ. "ಆಡಬಹುದಾ ಬೇಡ್ವಾ" ಅಂತ ಕೇಳೋ ಅಪ್ಪಅಮ್ಮ ಇರ್ತಾರೆ, ಅವ್ರಿಗೆ ಉಪಯೋಗ ಆಗೋದನ್ನ ಬರಿ, ಎಷ್ಟು ಹೆದ್ರಿಕೆ ಇದೆ, ಯಾವ ವಯಸ್ಸಿನೋರಿಗೆ ಹೊಂದ್ತದೆ, ವಾರಾಂತ್ಯದಲ್ಲಿ ಮುಗಿಸೋ ಆಟವಾ ತಿಂಗಳು ಎಳೆಯೋದಾ ಅಂತ. ಉದ್ದ ಈಗಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸಾಕು. ಸಂಚಿಕೆಯ ಪುಟ ಇನ್ನೂ ಕಟ್ಟಿಲ್ಲ, ನಿಂಗೆ ಅಂತ ಎರಡು ಪುಟ ತೆಗ್ದಿಟ್ಟಿದ್ದೇನೆ, ಮುಂದಿನ ಸೋಮವಾರದೊಳಗೆ ಯೂನಿಕೋಡ್‌ನಲ್ಲೇ ಕಳ್ಸು, ಪಿಡಿಎಫ್ ಬೇಡ, ತಿದ್ದೋಕೆ ಬರೋದಿಲ್ಲ. ಜೊತೆಗೆ ನೀನೇ ಆಡುವಾಗ ತೆಗೆದ ಸ್ಕ್ರೀನ್‌ಶಾಟ್ ಎರಡು ಇರ್ಲಿ, ಒಂದ್ರಲ್ಲಿ ಆ ಓಡೋ ತಲೆ ಬೇಕು.