ಸಣ್ಣ ಹಾಯಿದೋಣಿಯ ಕೀಲ್ ನಿಜವಾಗಿ ಎಷ್ಟು ತೂಗುತ್ತದೆ ಅಂತ ತಿಳಿಯೋದು ಹೇಗೆ?

ಬಿಚ್ಚಿ ತೂಗುವುದೇ ಸರಿಯಾದ ದಾರಿ. ಬಿಚ್ಚಲು ಆಗದಿದ್ದರೆ ಗಾತ್ರ ಅಳೆದು ಲೆಕ್ಕ ಹಾಕಬೇಕು. ಕೀಲ್ ಅಂದರೆ ದೋಣಿ ಮಗುಚದಂತೆ ತಳದಲ್ಲಿ ಇಳಿಬಿಟ್ಟಿರುವ ಭಾರದ ರೆಕ್ಕೆ. ತಯಾರಕರ ಪುಸ್ತಿಕೆಯ ಅಂಕಿಯನ್ನು ಸುಮ್ನೆ ನಂಬಬೇಡಿ. ದೋಣಿಯ ಹೊಟ್ಟೆಯೊಳಗೆ ಇಟ್ಟ ಭಾರವೂ ಅದರಲ್ಲಿ ಸೇರಿರಬಹುದು.

ಮೇಲಕ್ಕೆತ್ತಿ ಇಳಿಸುವಂಥ ಕೀಲ್ ಆದರೆ ಹಲವರು ಎಡವುವುದು ಒಂದೇ ಕಡೆ. ಒಂದು ತುದಿ, ಕೀಲ್ ತಿರುಗುವ ಪಿನ್ನಿನಲ್ಲೇ ಇರುತ್ತದೆ, ಇನ್ನೊಂದು ತುದಿಯ ಕೆಳಗೆ ತೂಕದ ಯಂತ್ರ ಇಡುತ್ತಾರೆ. ಆಗ ಉಳಿದ ಭಾರವನ್ನು ಪಿನ್ನು ಹೊತ್ತಿರುತ್ತದೆ ಅಲ್ವಾ? ಉದ್ದಕ್ಕೂ ಒಂದೇ ಅಗಲ, ಒಂದೇ ದಪ್ಪದ ಹಲಗೆಯನ್ನು ಅಡ್ಡ ಮಲಗಿಸಿದ್ದರೆ ಯಂತ್ರ ತೋರಿಸುವುದು ಅರ್ಧ ತೂಕ ಮಾತ್ರ. ಪಿನ್ನು ತೆಗೆದು, ಕೀಲನ್ನು ಮಟ್ಟಸವಾಗಿ ಮಲಗಿಸಿ, ಎರಡೂ ತುದಿಗಳ ಕೆಳಗೆ ಒಂದೊಂದು ಯಂತ್ರ ಇಡಿ. ಎರಡನ್ನೂ ಕೂಡಿಸಿದರೆ ಪೂರ್ತಿ ತೂಕ ಸಿಗುತ್ತದೆ.

ಲೆಕ್ಕ ಹಾಕುವುದಾದರೆ ಮೊದಲು ಒಂದು ಅಯಸ್ಕಾಂತ ಹಚ್ಚಿ ನೋಡಿ. ಗಟ್ಟಿಯಾಗಿ ಅಂಟಿದರೆ ಕಬ್ಬಿಣ, ಅಂಟದಿದ್ದರೆ ಬಹುಮಟ್ಟಿಗೆ ಸೀಸ. ಈ ಪರೀಕ್ಷೆ ಬಿಡಲೇಬೇಡಿ, ಯಾಕೆಂದರೆ ಲೋಹ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಎರಕದ ಕಬ್ಬಿಣ ಲೀಟರಿಗೆ ಸುಮಾರು 7.2 ಕೆಜಿ, ಸೀಸ ಸುಮಾರು 11.3 ಕೆಜಿ. ಅಂದರೆ 30 ಲೀಟರ್ ಗಾತ್ರದ ಕೀಲ್ ಕಬ್ಬಿಣದ್ದಾದರೆ 216 ಕೆಜಿ, ಸೀಸದ್ದಾದರೆ ಹೆಚ್ಚುಕಡಿಮೆ 340 ಕೆಜಿ. ಕೀಲ್ ಕೆಳಕ್ಕೆ ಹೋದಂತೆ ಸಣ್ಣದಾಗುವುದರಿಂದ ಪ್ರತಿ 10 ಸೆಂಟಿಮೀಟರಿಗೆ ಅಗಲ, ದಪ್ಪ ಅಳೆಯಿರಿ. ಅಂಚು ದುಂಡಗಿರುತ್ತದೆ, ಚೌಕಾಕಾರ ಅಂತ ಲೆಕ್ಕ ಹಾಕಿದರೆ ತೂಕ ಜಾಸ್ತಿ ಬರುತ್ತದೆ.

ಫೈಬರ್‌ಗ್ಲಾಸ್ ಹೊದಿಕೆಯೊಳಗೆ ಕಬ್ಬಿಣದ ಚೂರು ತುಂಬಿ ರಾಳ ಸುರಿದಿದ್ದರೆ ಈ ಲೆಕ್ಕ ನಡೆಯದು. ಒಳಗಿನ ಸಂದುಗಳು ಎಷ್ಟೆಂದು ಹೊರಗಿನಿಂದ ಕಾಣುವುದಿಲ್ಲ.