ಪ್ರತಿಕ್ರಿಯೆ: ಹೊಸ ಫ್ಲಾಟಿಗೆ ನೀರಿನ ಶುಲ್ಕ ಹೇಗೆ ಲೆಕ್ಕ ಹಾಕಬೇಕು?

ಕಾಸರಗೋಡಿನಲ್ಲಿ 24 ಮನೆಗಳ ಫ್ಲಾಟ್ ಕಟ್ಟುವಾಗ ನೀರಿಗೆ ಮೊದಲೇ ದುಡ್ಡು ಯಾಕೆ ಕೊಡಬೇಕು, ತಿಂಗಳ ಬಿಲ್ಲು ಸಾಲದೇ ಎಂದು ಕೇಳಿದ್ದೀರಿ. ಸಾಲದು ಸರ್. ಎರಡೂ ಬೇರೆ ಬೇರೆ.

ಮೊದಲಿಗೆ, ಇಲ್ಲಿ ನೀರಿನ ದರ ನಗರಸಭೆಯ ಕೈಯಲ್ಲಿಲ್ಲ. ಅದು ಕೇರಳ ವಾಟರ್ ಅಥಾರಿಟಿ (ರಾಜ್ಯದ ನೀರು ಸರಬರಾಜು ಸಂಸ್ಥೆ) ಮತ್ತು ರಾಜ್ಯ ಸರ್ಕಾರದ್ದು. 2023ರ ಫೆಬ್ರವರಿಯಲ್ಲಿ ಲೀಟರಿಗೆ 1 ಪೈಸೆ ಏರಿಸಿದ್ದೂ ಅವರೇ. ಆ ಬಿಲ್ಲು ದಿನನಿತ್ಯದ ಕರೆಂಟು, ಕ್ಲೋರಿನ್, ಸಂಬಳಕ್ಕೆ ಹೋಗುತ್ತದೆ. ಟ್ಯಾಂಕು, ದೊಡ್ಡ ಪೈಪುಗಳ ಖರ್ಚು ಬೇರೆ, ಮೊದಲೇ ಕೇಳುವ ದುಡ್ಡು ಅದಕ್ಕೆ. ಕಾಸರಗೋಡಿಗೆ ಹೊಳೆಯಿಂದ ನೀರೆತ್ತುವ ಬಾವಿಕ್ಕೆರೆಯನ್ನೇ ನೋಡಿ. ಬೇಸಿಗೆಯಲ್ಲಿ ಹೊಳೆಗೆ ಉಪ್ಪುನೀರು ನುಗ್ಗುತ್ತಿತ್ತು, ವರ್ಷ ವರ್ಷ ಮರಳು ಚೀಲದ ತಡೆ ಕಟ್ಟಬೇಕಿತ್ತು. ಕೊನೆಗೆ ಶಾಶ್ವತ ಅಣೆಕಟ್ಟೇ ಬೇಕಾಯಿತು. ಅಂಥ ಕೆಲಸ ತಿಂಗಳ ಬಿಲ್ಲಿನಲ್ಲಿ ಆಗುವುದಿಲ್ಲ ಅಲ್ವಾ?

ನ್ಯಾಯವಾದ ಲೆಕ್ಕ ಹೀಗಿರಬೇಕು. ಮನೆಗೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದಿಟ್ಟುಕೊಳ್ಳಿ. 24 ಮನೆಗೆ 16,200 ಲೀಟರ್. ದಿನಕ್ಕೆ 10 ಲಕ್ಷ ಲೀಟರ್ ಕೊಡುವ ವ್ಯವಸ್ಥೆಗೆ 1 ಕೋಟಿ ಖರ್ಚಾದರೆ (ಇದು ಬರೀ ಉದಾಹರಣೆ), ನಿಮ್ಮ ಪಾಲು 1.62 ಲಕ್ಷ. ಮನೆಗೆ 6,750 ರೂಪಾಯಿ. ಸರ್ಕಾರದ ಅನುದಾನದಿಂದ ಕಟ್ಟಿದ ಭಾಗವನ್ನು ಇದರಿಂದ ಕಳೆಯಲೇಬೇಕು. ಹಳೇ ಪೈಪಿನ ಸೋರಿಕೆ ರಿಪೇರಿಯನ್ನು ಹೊಸಬರ ತಲೆಗೆ ಕಟ್ಟುವುದು ನನಗಂತೂ ಸರಿ ಕಾಣುವುದಿಲ್ಲ.

ಸುಮ್ನೆ ಒಟ್ಟು ಮೊತ್ತ ಕೇಳಿದರೆ ಕಟ್ಟಬೇಡಿ. ಯಾವ ಪೈಪಿಗೆ ಎಷ್ಟು ಎಂಬ ಎಸ್ಟಿಮೇಟ್ ಬರಹದಲ್ಲಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.